ಜರ್ಮನಿಯ ಊರೂರಿನ ತುರ್ತು ನೋಟುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ನೋಟುಗಳ ಗೀಳು ಹತ್ತಿಸಿಕೊಂಡವರ ಆಲ್ಬಮ್‌ಗೆ ಇಂದಲ್ಲ ನಾಳೆ ಜರ್ಮನಿಯ ಒಂದು ಪುಟ್ಟ ಬಣ್ಣದ ಚೀಟಿ ಬಂದು ಸೇರುತ್ತದೆ. ಅದರ ಮೇಲೆ ದೇಶದ ಹೆಸರಿಲ್ಲ, ರಾಜನ ಮುಖವಿಲ್ಲ. ಎಂದೂ ಕೇಳದ ಒಂದು ಊರಿನ ಹೆಸರು, ಮೇಯರ್ ಸಹಿ, ಜೊತೆಗೆ ಇಲಿಗಳ ಹಿಂಡೋ ಕಲ್ಲಿದ್ದಲ ಗಣಿಯೋ ಇರುತ್ತದೆ. ಆಗ ಶುರುವಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ನೋಟ್‌ಗೆಲ್ಟ್ ಎಂದರೆ ಏನು?

ಸರ್ಕಾರದ ಹಣ ಸಾಲದೆ ಹೋದಾಗ ಪುರಸಭೆ, ಜಿಲ್ಲಾಡಳಿತ, ಉಳಿತಾಯ ಬ್ಯಾಂಕು, ವಾಣಿಜ್ಯ ಮಂಡಳಿ, ಕಾರ್ಖಾನೆ ಇವರೆಲ್ಲ ತಾವೇ ಹೊರಡಿಸಿದ ತುರ್ತು ಹಣ. ಜರ್ಮನಿಯಲ್ಲಿ ಇದರ ಕಾಲ 1914ರಿಂದ 1923ರವರೆಗೆ. ಹತ್ತು ವರ್ಷದ ಈ ಎಲ್ಲ ನೋಟುಗಳನ್ನು ಒಂದೇ ಹೆಸರಿನಿಂದ ಕರೆಯುವುದು ರೂಢಿ. ಆದರೆ ಇವು ಒಂದೇ ಜಾತಿಯವಲ್ಲ. ಚಿಲ್ಲರೆಗಾಗಿ ಬಂದದ್ದು, ಸಂಗ್ರಾಹಕರ ಕಿಸೆಗೆ ಕೈಹಾಕಲು ಬಂದದ್ದು, ಹಣದುಬ್ಬರದ ಬೆನ್ನು ಹತ್ತಿ ಓಡಿದ್ದು ಎಂದು ಮೂರು ಬೇರೆ ಬೇರೆ ಕಥೆಗಳಿವೆ. ಇವನ್ನು ಬೆರೆಸಿ ಹೇಳುವವರೇ ಹೆಚ್ಚು.

ದೇಶಕ್ಕೊಂದು ಕೇಂದ್ರ ಬ್ಯಾಂಕ್ ಇರುವಾಗ ಊರಿನವರೇಕೆ ನೋಟು ಅಚ್ಚು ಹಾಕಬೇಕಾಯಿತು?

ಚಿಲ್ಲರೆ ಮಾಯವಾಯಿತು, ಅದಕ್ಕೆ. 1914ರ ಆಗಸ್ಟ್ ಆರಂಭದಲ್ಲಿ ಯುದ್ಧ ಶುರುವಾಯಿತು. ಕೇಂದ್ರ ಬ್ಯಾಂಕಾದ ರೈಖ್ಸ್‌ಬ್ಯಾಂಕ್ ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿತು. ಜನರಿಗೆ ಅರ್ಥವಾಗಲು ಅಷ್ಟೇ ಸಾಕಾಯಿತು. ಚಿನ್ನದ 10 ಮತ್ತು 20 ಮಾರ್ಕ್ ನಾಣ್ಯಗಳ ಹಿಂದೆಯೇ ಬೆಳ್ಳಿ ನಾಣ್ಯಗಳೂ ಪೆಟ್ಟಿಗೆ ಸೇರಿದವು. ಸರ್ಕಾರ 5, 2, 1 ಮಾರ್ಕಿನ ಸಾಲನಿಧಿ ನೋಟುಗಳನ್ನು ಅದೇ ತಿಂಗಳು ಹೊರಡಿಸಿತಾದರೂ ಅವು ಮೂಲೆಯ ಊರಿಗೆ ತಲುಪಲು ಸಮಯ ಹಿಡಿಯಿತು. ವಾರದ ಕೂಲಿ ಮಾತ್ರ ಶನಿವಾರವೇ ಕೊಡಬೇಕು.

ಗಡಿಯಲ್ಲಿದ್ದ ಪೂರ್ವ ಪ್ರಷ್ಯಾ ಮತ್ತು ಅಲ್ಸೇಸ್‌ಗೆ, ಕಾರ್ಖಾನೆಗಳ ರೈನ್ ಪ್ರದೇಶಕ್ಕೆ ಇದರ ಬಿಸಿ ಮೊದಲು ತಟ್ಟಿತು. ಅಲ್ಲಿನ ಪುರಸಭೆಗಳು ಊರಿನ ಮುದ್ರಣಾಲಯಕ್ಕೆ ಹೇಳಿ ಕಳಿಸಿ, ಸಿಕ್ಕಿದ ಕಾಗದದ ಮೇಲೆ ಮೊತ್ತ ಅಚ್ಚು ಮಾಡಿಸಿ, ಠಸ್ಸೆ ಒತ್ತಿ, ಕೈಯಲ್ಲೇ ಸಹಿ ಹಾಕಿ ಹಂಚಿದವು. ನೋಡಲು ರಶೀದಿಯಂತಿರುವ ಈ 1914ರ ಚೀಟಿಗಳೇ ನಿಜವಾದ ಅರ್ಥದಲ್ಲಿ ತುರ್ತು ಹಣ. ಸಂಗ್ರಾಹಕರ ಸಂತೆಯಲ್ಲಿ ಇವುಗಳ ಮುಂದೆ ಯಾರೂ ನಿಲ್ಲುವುದಿಲ್ಲ ಎಂಬುದು ಬೇರೆ ಮಾತು.

ಎರಡನೆಯ ಅಲೆ ಎದ್ದದ್ದು ಲೋಹದಿಂದ. ನಿಕ್ಕಲ್, ತಾಮ್ರಗಳು ಮದ್ದುಗುಂಡಿಗೆ ಬೇಕಾದವು. 5 ಮತ್ತು 10 ಫೆನಿಗ್ ನಾಣ್ಯಗಳು ಕಬ್ಬಿಣಕ್ಕೆ ಇಳಿದವು, 1 ಫೆನಿಗ್ ಅಲ್ಯೂಮಿನಿಯಮ್‌ಗೆ, ನಂತರ 10 ಫೆನಿಗ್ ಸತುವಿಗೂ ಇಳಿಯಿತು. (100 ಫೆನಿಗ್ ಸೇರಿದರೆ 1 ಮಾರ್ಕ್.) ಅವೂ ಸಾಲದೆ 1916ರಿಂದ ನೂರಾರು ಊರುಗಳು 5, 10, 25, 50 ಫೆನಿಗ್‌ನ ಚೀಟಿ ಮತ್ತು ತಮ್ಮದೇ ಕಬ್ಬಿಣದ ನಾಣ್ಯ ತಂದವು.

1918ರ ಶರತ್ಕಾಲದಲ್ಲಿ ಸೋಲು ಕಣ್ಣೆದುರು ಬಂದಾಗ ಜನ ಕಾಗದದ ನೋಟನ್ನೂ ಕೂಡಿಡತೊಡಗಿದರು. ಆಗ ರೈಖ್ಸ್‌ಬ್ಯಾಂಕ್ ತಾನೇ ನಗರಗಳಿಗೆ 5, 10, 20, 50 ಮಾರ್ಕಿನ ನೋಟು ಹೊರಡಿಸುವಂತೆ ಕೇಳಿಕೊಂಡಿತು. ಕೆಲವು ತಿಂಗಳ ಅವಧಿಯವು ಅವು.

ಇದು ಕಾನೂನುಬದ್ಧವಾಗಿತ್ತೇ?

ಅರ್ಧಂಬರ್ಧ. ಹಣ ಹೊರಡಿಸುವ ಹಕ್ಕು ಪುರಸಭೆಗೆ ಇರಲಿಲ್ಲ. ಹಾಗಾಗಿ ಹೆಚ್ಚಿನ ನೋಟುಗಳು ತಮ್ಮನ್ನು ತಾವು ಹಣ ಎಂದು ಕರೆದುಕೊಳ್ಳದೆ, ಇಷ್ಟು ಮೊತ್ತ ಕೊಡುತ್ತೇವೆ ಎಂಬ ಭರವಸೆ ಚೀಟಿಯ ವೇಷ ಹಾಕಿದವು. ಸರ್ಕಾರ ಕಂಡೂ ಕಾಣದಂತಿತ್ತು, ಏಕೆಂದರೆ ಬೇರೆ ದಾರಿ ಅದರ ಬಳಿಯೂ ಇರಲಿಲ್ಲ. 1922ರ ಜುಲೈ 17ರ ಕಾನೂನು ಊರುಗಳ ನೋಟು ಮುದ್ರಣವನ್ನು ನಿಷೇಧಿಸಿತು. ಕೆಲವೇ ತಿಂಗಳಲ್ಲಿ ಹಣದುಬ್ಬರ ಕೈಮೀರಿ, ಹಣಕಾಸು ಸಚಿವಾಲಯದ ಒಪ್ಪಿಗೆ ಪಡೆದು ಅಚ್ಚು ಹಾಕಿ ಎಂದು ಅದೇ ಸರ್ಕಾರ ಹೇಳಬೇಕಾಯಿತು. ಒಪ್ಪಿಗೆ ಪಡೆಯದೆ ಅಚ್ಚು ಹಾಕಿದವರೂ ಬೇಕಾದಷ್ಟು ಮಂದಿ.

ಊರಿನ ಚೀಟಿಯನ್ನು ಜನ ನಂಬಿದ್ದು ಹೇಗೆ?

ಅಂಗಡಿಯವನು ಚಿಲ್ಲರೆ ಬದಲು ಚಾಕೊಲೇಟ್ ಕೊಟ್ಟರೆ ನಾವು ಗೊಣಗಿಕೊಂಡಾದರೂ ತೆಗೆದುಕೊಳ್ಳುವುದಿಲ್ಲವೇ, ಅದರ ದೊಡ್ಡಣ್ಣ ಇದು ಎನ್ನಿ. ಚಾಕೊಲೇಟನ್ನು ನಾಳೆ ಅದೇ ಅಂಗಡಿಗೆ ಹಿಂತಿರುಗಿಸಲಾಗದು. ಈ ಚೀಟಿಯನ್ನು ಹಿಂತಿರುಗಿಸಬಹುದಿತ್ತು. ಪುರಸಭೆಯ ತೆರಿಗೆಗೆ, ದೀಪದ ಗ್ಯಾಸಿನ ಬಿಲ್ಲಿಗೆ, ಊರಿನ ಉಳಿತಾಯ ಬ್ಯಾಂಕಿಗೆ ಅದು ಸಲ್ಲುತ್ತಿತ್ತು. ಸಹಿ ಹಾಕಿದ ಮೇಯರ್ ಊರಿನಲ್ಲೇ ಸಿಗುವ ಮನುಷ್ಯ. ಆದ್ದರಿಂದ ಊರ ಎಲ್ಲೆಯೊಳಗೆ ತಕರಾರಿರಲಿಲ್ಲ, ಎಲ್ಲೆ ದಾಟಿದರೆ ಮುಖ ಸಿಂಡರಿಸುತ್ತಿದ್ದರು. ನೋಟಿನ ಮೇಲೆ ವಾಯಿದೆಯೂ ಇರುತ್ತಿತ್ತು: ಇಂಥ ದಿನದವರೆಗೆ, ಅಥವಾ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟ ಒಂದು ತಿಂಗಳವರೆಗೆ ಎಂದು.

ಅಂಥ ಒಣ ಚೀಟಿಗಳು ಇಷ್ಟು ಚಂದದ ಚಿತ್ರಗಳಾದದ್ದು ಏಕೆ?

ಹಣದ ಆಸೆಗೆ. ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಯುದ್ಧದ ನಡುವೆಯೇ ಜನ ಬೇರೆ ಊರಿನ ಚೀಟಿಗಳನ್ನು ಕೂಡಿಡಲು ತೊಡಗಿದ್ದರು. ಕೂಡಿಟ್ಟ ಚೀಟಿ ಕೌಂಟರಿಗೆ ಹಿಂದಿರುಗುವುದಿಲ್ಲ. ಹಿಂದಿರುಗದ ಪ್ರತಿ 50 ಫೆನಿಗ್ ಚೀಟಿಯೂ, ಕಾಗದ ಮತ್ತು ಅಚ್ಚಿನ ಖರ್ಚು ಕಳೆದರೆ, ಪುರಸಭೆಯ ಖಜಾನೆಗೆ ಪುಕ್ಕಟೆ ಲಾಭ. ಈ ಲೆಕ್ಕ ಒಬ್ಬ ಖಜಾಂಚಿಗೆ ಹೊಳೆದ ಮೇಲೆ ಪಕ್ಕದ ಊರಿನವನಿಗೆ ಹೊಳೆಯದೆ ಇರುತ್ತದೆಯೇ? 1920ರಿಂದ 1922ರವರೆಗೆ ಸರಣಿ ನೋಟುಗಳ ಹುಚ್ಚು ಹೊಳೆ ಹರಿಯಿತು. ಒಂದೇ ಮುಖಬೆಲೆಯ ಆರು, ಹತ್ತು, ಹನ್ನೆರಡು ಚೀಟಿ, ಪ್ರತಿಯೊಂದಕ್ಕೂ ಬೇರೆ ಚಿತ್ರ, ಎಲ್ಲ ಸೇರಿ ಒಂದು ಕಥೆ. ಗ್ಲೋಗಾವ್‌ನ ಫ್ಲೆಮಿಂಗ್-ವಿಸ್ಕೋಟ್, ಹಾಲ್ಬರ್‌ಸ್ಟಾಟ್‌ನ ಲೂಯಿಸ್ ಕೋಖ್ ಮುಂತಾದ ಮುದ್ರಣ ಸಂಸ್ಥೆಗಳಿಗೆ ಇದೇ ದೊಡ್ಡ ಕಸುಬಾಯಿತು. ಕೈಗೆ ಬರುವ ಹೊತ್ತಿಗೇ ವಾಯಿದೆ ಮುಗಿದಿದ್ದ ನೋಟುಗಳೂ ಇದ್ದವು. ಇದನ್ನು ತುರ್ತು ಎಂದು ಕರೆಯಲು ನನಗಂತೂ ಮನಸ್ಸು ಬರುವುದಿಲ್ಲ.

ಹಾಗೆಂದು ಚಿತ್ರಗಳನ್ನು ತಳ್ಳಿಹಾಕಲಾದೀತೇ? ಹಾಮೆಲ್ನ್ ಊರು ತನ್ನ ಕಿಂದರಿ ಜೋಗಿಯನ್ನು (ನಮ್ಮ ಶಾಲೆಯ ಮಕ್ಕಳಿಗೂ ಗೊತ್ತಿರುವ, ಇಲಿಗಳನ್ನು ಹೊಳೆಗೆ ಕರೆದೊಯ್ದ ಅದೇ ಆಸಾಮಿ) ನೋಟಿನ ಮೇಲೆ ನಿಲ್ಲಿಸಿತು. ಐಸೆನಾಖ್ ಮತ್ತು ಎರ್ಫುರ್ಟ್ ಮಾರ್ಟಿನ್ ಲೂಥರನನ್ನು ಹಿಡಿದವು. ಇಸ್ಪೀಟಿನ ಸ್ಕಾಟ್ ಆಟದ ತವರಾದ ಆಲ್ಟನ್‌ಬುರ್ಗ್ ಆ ಆಟವನ್ನೇ ಅಚ್ಚು ಹಾಕಿತು. ಬಿಟರ್‌ಫೆಲ್ಡ್‌ಗೆ ಕಲ್ಲಿದ್ದಲು. ಮೆಕ್ಲೆನ್‌ಬುರ್ಗ್ ಪ್ರದೇಶದ ಸುಮಾರು 70 ಊರುಗಳು ಒಟ್ಟುಗೂಡಿ, ತಮ್ಮ ಆಡುನುಡಿಯ ಲೇಖಕ ಫ್ರಿಟ್ಸ್ ರಾಯ್ಟರ್ ಹೆಸರಿನಲ್ಲಿ 10, 25, 50 ಫೆನಿಗ್‌ನ ಸರಣಿ ತಂದವು.

ಒಂದನ್ನು ಹತ್ತಿರದಿಂದ ನೋಡೋಣ. ನೌಮ್‌ಬುರ್ಗ್‌ನ ಸರಣಿ ವಾಲ್ಟರ್ ಹೇಗೆ ಎಂಬ ಕಲಾವಿದರ ಕೈಚಳಕ. 1432ರಲ್ಲಿ ಹುಸ್ಸೈಟ್ (ಬೊಹೀಮಿಯಾದ ಮತಸುಧಾರಕ ಯಾನ್ ಹುಸ್ ಅನುಯಾಯಿಗಳ) ಸೇನೆ ಊರನ್ನು ಮುತ್ತಿದಾಗ, ಶಾಲಾ ಮಕ್ಕಳು ಬಿಳಿ ಅಂಗಿ ತೊಟ್ಟು ಶತ್ರುವಿನ ಶಿಬಿರಕ್ಕೆ ಹೋಗಿ ಬೇಡಿಕೊಂಡರು, ದಂಡನಾಯಕ ಕರಗಿ ಚೆರ್ರಿ ಹಣ್ಣು ಕೊಟ್ಟು ಕಳಿಸಿದ ಎಂಬುದು ಅಲ್ಲಿನ ಐತಿಹ್ಯ. ಊರಿನ ಚೆರ್ರಿ ಹಬ್ಬ ಹುಟ್ಟಿದ್ದೇ ಅದರಿಂದ. ಈ ಕಲಾವಿದರು ಬಣ್ಣಬಣ್ಣದ ಮಕ್ಕಳನ್ನು ಬರೆಯಲು ಹೋಗಲಿಲ್ಲ, ಕತ್ತರಿಯಲ್ಲಿ ಕತ್ತರಿಸಿದಂಥ ನೆರಳುಚಿತ್ರಗಳನ್ನು ಇಟ್ಟರು. ಅಂಗೈಯೊಳಗೆ ಅಡಗುವ ಕಾಗದದಲ್ಲಿ ಕಣ್ಣು ಮೂಗಿನ ವಿವರವಿಲ್ಲದ ಮಕ್ಕಳ ಸಾಲು, ಎದುರಿಗೆ ಭರ್ಜಿ ಹಿಡಿದವರು. ಯಾವ ಮಗು ಅಂಜಿದೆ, ಯಾವುದು ಮುಂದೆ ನುಗ್ಗಿದೆ ಎಂಬುದು ಮೈಯ ಬಾಗಿನಲ್ಲೇ ತಿಳಿಯುತ್ತದೆ. ಲಾಭಕ್ಕೆ ಮಾಡಿದ್ದಾದರೂ ಕಲಾವಿದ ಮೈಗಳ್ಳತನ ಮಾಡಿಲ್ಲ.

75 ಫೆನಿಗ್ ಎಂಬ ವಿಚಿತ್ರ ಮುಖಬೆಲೆ ಏಕೆ?

ಅಂಥ ನಾಣ್ಯವೇ ಇರಲಿಲ್ಲ, ದಿನಬಳಕೆಗೆ ಅದರ ಅಗತ್ಯವೂ ಇರಲಿಲ್ಲ. ಅದೇ ಕಾಗದ, ಅದೇ ಶಾಯಿ, 50ರ ಜಾಗದಲ್ಲಿ 75 ಬರೆದರೆ ಆದಾಯ ಒಂದೂವರೆ ಪಟ್ಟು. ನನಗೆ ತೋಚುವ ಕಾರಣ ಇಷ್ಟೇ.

ಎಲ್ಲ ಚಿತ್ರಗಳೂ ಹೀಗೆ ಮುದ್ದಾದವೇ?

ಅಲ್ಲ. ಸೋತ ದೇಶದ ಸಿಟ್ಟು, ಸೆಡವು, ವಿಷ ಎಲ್ಲವೂ ಈ ಚೀಟಿಗಳಲ್ಲಿವೆ. ಡೆನ್ಮಾರ್ಕ್‌ಗೆ ಸೇರಬೇಕೋ ಜರ್ಮನಿಯಲ್ಲೇ ಉಳಿಯಬೇಕೋ ಎಂದು ಶ್ಲೆಸ್ವಿಗ್ ಪ್ರದೇಶದಲ್ಲಿ 1920ರ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಜನಮತ ನಡೆದಾಗ ಅಲ್ಲಿನ ಊರುಗಳ ನೋಟುಗಳು ಪ್ರಚಾರದ ಕರಪತ್ರಗಳಾದವು. ಕೈತಪ್ಪಿದ ಆಫ್ರಿಕಾದ ವಸಾಹತುಗಳನ್ನು ನೆನೆದು ಹಲುಬುವ 75 ಫೆನಿಗ್‌ನ ಸರಣಿಯೊಂದು ಬಂತು. ಮೆಕ್ಲೆನ್‌ಬುರ್ಗ್‌ನ ಸ್ಟೆರ್ನ್‌ಬೆರ್ಗ್ ಊರು, 1492ರಲ್ಲಿ ಯಹೂದಿಗಳ ಮೇಲೆ ಸುಳ್ಳು ಆರೋಪ ಹೊರಿಸಿ ಅವರನ್ನು ಸುಟ್ಟ ಘಟನೆಯನ್ನು ಊರಿನ ಹೆಮ್ಮೆಯ ಇತಿಹಾಸವೆಂಬಂತೆ ನೋಟಿನ ಮೇಲೆ ಹಾಕಿಕೊಂಡಿತು. ಹಿಟ್ಲರ್ ಅಧಿಕಾರಕ್ಕೆ ಬರಲು ಇನ್ನೂ ಹತ್ತು ವರ್ಷವಿದ್ದ ಕಾಲ ಅದು, ಮತ್ತು ಅಚ್ಚು ಹಾಕಿಸಿದ್ದು ಯಾವುದೋ ಪಕ್ಷವಲ್ಲ, ಪುರಸಭೆ. ಮಾರುಕಟ್ಟೆಯಲ್ಲಿ ಇದನ್ನು ‘ಜಾನಪದ ಚಿತ್ರ’ ಎಂದು ಮಾರುವವರನ್ನು ಕಂಡರೆ ಅರ್ಥ ಗೊತ್ತಿಲ್ಲದೆ ಮಾರುತ್ತಿದ್ದಾರೆ ಎಂದುಕೊಳ್ಳಿ. ಗೊತ್ತಿದ್ದರೆ ಇನ್ನೂ ಕೆಟ್ಟದ್ದು.

ಕಾಗದ ಬಿಟ್ಟು ಬೇರೆ ವಸ್ತುವಿನಲ್ಲೂ ಮಾಡಿದ್ದರೇ?

ಬೀಲೆಫೆಲ್ಡ್ ನಾರುಬಟ್ಟೆ ನೇಯುವ ಊರು. ಅಲ್ಲಿನ ನಗರ ಉಳಿತಾಯ ಬ್ಯಾಂಕಿನ ನಿರ್ದೇಶಕ ಪೌಲ್ ಹಾಂಕೆ 1921ರಿಂದ 1923ರವರೆಗೆ ರೇಷ್ಮೆ, ನಾರುಬಟ್ಟೆ, ಮಖಮಲ್ಲಿನ ಮೇಲೆ ನೋಟು ಅಚ್ಚು ಮಾಡಿಸಿದರು. ಕೆಲವಕ್ಕೆ ಅಂಚಿಗೆ ಕಸೂತಿ ಪಟ್ಟಿ ಬೇರೆ. ನಡುವೆ ಚಿತ್ರ, ಸುತ್ತ ನಾಲ್ಕೂ ಅಂಚಿಗೆ ಇರುವೆ ಸಾಲಿನಂತೆ ಅಕ್ಷರಗಳು. ಕೆಲವನ್ನು ಓದಬೇಕಾದರೆ ಬಟ್ಟೆಯನ್ನು ಕೈಯಲ್ಲಿ ತಿರುಗಿಸುತ್ತಾ ಹೋಗಬೇಕು. ಇವು ಅಂಗಡಿಯ ಗಲ್ಲಾಪೆಟ್ಟಿಗೆಗಿಂತ ಸಂಗ್ರಾಹಕರ ಕಪಾಟಿಗೆ ಹೋದದ್ದೇ ಹೆಚ್ಚು, ಹಾಂಕೆ ಅವರ ಉದ್ದೇಶವೂ ಅದೇ.

ಚರ್ಮ ಹದ ಮಾಡುವ ಓಸ್ಟರ್‌ವೀಕ್ ಚರ್ಮದ ನೋಟು ತಂದಿತು. ಪಿಂಗಾಣಿಗೆ ಹೆಸರಾದ ಮೈಸೆನ್ ಕಾರ್ಖಾನೆ ಕೆಂಗಂದು ಬಣ್ಣದ ಸುಟ್ಟ ಮಣ್ಣಿನ ನಾಣ್ಯಗಳನ್ನು ಸ್ಯಾಕ್ಸನಿ ರಾಜ್ಯಕ್ಕೂ ಹಲವು ಊರುಗಳಿಗೂ ಮಾಡಿಕೊಟ್ಟಿತು. ಹಿಂಬದಿಯಲ್ಲಿ ಅದರ ಗುರುತಾದ ಅಡ್ಡಕತ್ತಿಗಳಿವೆ. ಅಂಚೆಚೀಟಿಯನ್ನು ಗುಂಡನೆಯ ಲೋಹದ ಡಬ್ಬಿಯಲ್ಲಿ ಕೂರಿಸಿ, ಹಿಂದೆ ಕಂಪನಿಯ ಜಾಹೀರಾತು ಒತ್ತಿ ಚಿಲ್ಲರೆಯಾಗಿ ಓಡಿಸಿದ್ದೂ ಉಂಟು.

1923ರ ನೋಟುಗಳು ಏಕೆ ಇಷ್ಟು ಬೋಳು?

ಚಿತ್ರ ಬರೆಯಲು ಸಮಯವಿರಲಿಲ್ಲ. 1914ರಲ್ಲಿ ಒಂದು ಡಾಲರಿಗೆ 4.2 ಮಾರ್ಕ್. 1923ರ ಜನವರಿಯಲ್ಲಿ ಸರಾಸರಿ ಸುಮಾರು 18,000. ಆಗಸ್ಟ್‌ನಲ್ಲಿ ಸುಮಾರು 46 ಲಕ್ಷ. ನವೆಂಬರ್ 20ಕ್ಕೆ 4.2 ಲಕ್ಷ ಕೋಟಿ. ರೈಖ್ಸ್‌ಬ್ಯಾಂಕ್ ತನ್ನ ಮುದ್ರಣಾಲಯ ಸಾಲದೆ ನೂರಕ್ಕೂ ಹೆಚ್ಚು ಖಾಸಗಿ ಮುದ್ರಣಾಲಯಗಳನ್ನು ದುಡಿಸಿಕೊಂಡಿತು, ಆದರೂ ನೋಟು ಸಾಲಲಿಲ್ಲ. 1922ರ ಡಿಸೆಂಬರಿನ ದಿನಾಂಕವಿರುವ 1000 ಮಾರ್ಕ್ ನೋಟಿನ ಮೇಲೆ ಕೆಂಪು ಶಾಯಿಯಲ್ಲಿ 100 ಕೋಟಿ ಎಂದು ಅಡ್ಡಲಾಗಿ ಒತ್ತಿ ಹೊರಬಿಟ್ಟರು.

ರೂರ್ ಪ್ರದೇಶದ ಪಾಡು ಇನ್ನೂ ಬೇರೆ. ಯುದ್ಧ ಪರಿಹಾರದ ಬಾಕಿಗಾಗಿ ಫ್ರೆಂಚ್ ಮತ್ತು ಬೆಲ್ಜಿಯನ್ ಸೇನೆಗಳು 1923ರ ಜನವರಿ 11ರಂದು ಅಲ್ಲಿಗೆ ನುಗ್ಗಿದವು. ಕಾರ್ಮಿಕರು ಕೆಲಸ ನಿಲ್ಲಿಸಿದರು, ಅವರ ಕೂಲಿಯನ್ನು ಬರ್ಲಿನ್ ನೋಟು ಮುದ್ರಿಸಿ ಕೊಟ್ಟಿತು. ದಾರಿಯಲ್ಲಿ ಹಣದ ಪೆಟ್ಟಿಗೆಗಳನ್ನು ಸೈನಿಕರು ವಶಪಡಿಸಿಕೊಳ್ಳುತ್ತಿದ್ದರು. ಇನ್ನೇನು ಮಾಡುವುದು, ನಗರಗಳು, ಗಣಿಗಳು, ಉಕ್ಕಿನ ಕಾರ್ಖಾನೆಗಳು ತಾವೇ ಅಚ್ಚು ಹಾಕಿಕೊಂಡವು. ರೈಲ್ವೆ ಇಲಾಖೆಯೂ ಹಾಕಿತು. ಸಮಯ ಉಳಿಸಲು ಒಂದೇ ಬದಿ ಮುದ್ರಣ. ನಿನ್ನೆಯ ನೋಟಿನ ಮೇಲೆ ಇಂದಿನ ಸೊನ್ನೆಗಳ ಠಸ್ಸೆ. 1914ರ ಚೀಟಿಯ ಹಾಗೆಯೇ ಇವೂ ಬಡಕಲು, ಇವೂ ನಿಜ. ವ್ಯತ್ಯಾಸ ಒಂದೇ: ಆಗಿನ ಮೇಯರ್ ಕೊಟ್ಟ ಮಾತು ಉಳಿಯುತ್ತಿತ್ತು, ಈಗ ಮಾತು ಉಳಿದರೂ ಅದರ ಬೆಲೆ ಸಂಜೆಯೊಳಗೆ ಕರಗುತ್ತಿತ್ತು.

ಬೋಳುತನದಲ್ಲೂ ಚೆಲುವು ಕಂಡವರು ಹರ್ಬರ್ಟ್ ಬೇಯರ್. ವೈಮಾರ್‌ನ ಬೌಹೌಸ್ ಕಲಾಶಾಲೆಯಲ್ಲಿ ಆಗಿನ್ನೂ ವಿದ್ಯಾರ್ಥಿ. ತುರಿಂಗಿಯಾ ರಾಜ್ಯ ಬ್ಯಾಂಕಿಗಾಗಿ 1923ರಲ್ಲಿ ಅವರು ವಿನ್ಯಾಸ ಮಾಡಿದ 10 ಲಕ್ಷ, 20 ಲಕ್ಷ ಮಾರ್ಕಿನ ನೋಟುಗಳಲ್ಲಿ ಬಳ್ಳಿಯಿಲ್ಲ, ಲಾಂಛನದ ಸಿಂಹವಿಲ್ಲ. ಚೌಕಟ್ಟು, ದಪ್ಪ ಅಕ್ಷರ, ದೊಡ್ಡ ಅಂಕಿ. ನೋಟು ಎಂದರೆ ಹೀಗಿರಬೇಕು ಎಂಬ ಹಳೆಯ ಶಿಷ್ಟಾಚಾರವನ್ನೆಲ್ಲ ಒಬ್ಬ ಇಪ್ಪತ್ಮೂರರ ಹುಡುಗ ಒರೆಸಿ ಹಾಕಿದ್ದ.

ಈ ಸೊನ್ನೆಗಳನ್ನು ಓದುವುದು ಹೇಗೆ?

ಲಕ್ಷ, ಕೋಟಿ ಗೊತ್ತಿರುವ ನಮಗೆ ಇದು ಸುಲಭ. ನೋಟಿನ ಮೇಲೆ ‘ಮಿಲಿಯೋನ್’ ಎಂದಿದ್ದರೆ 10 ಲಕ್ಷ, ‘ಮಿಲಿಯಾರ್ಡೆ’ ಎಂದಿದ್ದರೆ 100 ಕೋಟಿ, ‘ಬಿಲಿಯೋನ್’ ಎಂದಿದ್ದರೆ ಲಕ್ಷ ಕೋಟಿ. ಕೊನೆಯದನ್ನು ಇಂಗ್ಲಿಷಿನ ಬಿಲಿಯನ್ ಎಂದು ಓದಿದರೆ ಲೆಕ್ಕ ಸಾವಿರ ಪಟ್ಟು ತಪ್ಪುತ್ತದೆ. ಮಾರಾಟದ ಪಟ್ಟಿಗಳಲ್ಲಿ ಈ ತಪ್ಪು ಯಥೇಚ್ಛ.

ಬೆಲೆ ಕರಗದ ನೋಟು ಯಾರಿಗೂ ಹೊಳೆಯಲಿಲ್ಲವೇ?

ಹೊಳೆಯಿತು. ಓಲ್ಡನ್‌ಬುರ್ಗ್ 1922ರಲ್ಲೇ ರೈ ಧಾನ್ಯದ ತೂಕಕ್ಕೆ ಕಟ್ಟಿದ ಸಾಲಪತ್ರ ಹೊರಡಿಸಿತ್ತು. ಮಾರ್ಕ್ ಬಿದ್ದರೂ ಇಷ್ಟು ಕಿಲೋ ರೈ ಇಷ್ಟೇ ಕಿಲೋ. 1923ರ ಕೊನೆಯ ತಿಂಗಳುಗಳಲ್ಲಿ ಊರುಗಳೂ ಕಾರ್ಖಾನೆಗಳೂ ಚಿನ್ನದ ಮಾರ್ಕ್ ಮತ್ತು ಡಾಲರಿನ ಲೆಕ್ಕದಲ್ಲಿ ನೋಟು ತಂದವು. 0.42 ಚಿನ್ನದ ಮಾರ್ಕ್, ಅಂದರೆ ಡಾಲರಿನ ಹತ್ತನೇ ಒಂದು ಭಾಗ, ಎಂದು ಎರಡೂ ಮೊತ್ತ ಬರೆದ ನೋಟು ಕಂಡರೆ ಅದು ಈ ಬಗೆಯದು. ಸಾವಿರ ಕೋಟಿಗಳ ನಡುವೆ ಈ ಪುಟ್ಟ ದಶಾಂಶವೇ ಜನರಿಗೆ ಬೇಕಾಗಿತ್ತು.

ಎಲ್ಲ ಮುಗಿದದ್ದು ಹೇಗೆ?

1923ರ ನವೆಂಬರ್ 15ರಂದು ರೆಂಟನ್‌ಮಾರ್ಕ್ ಬಂತು. ಒಂದು ಹೊಸ ಮಾರ್ಕಿಗೆ ಲಕ್ಷ ಕೋಟಿ ಹಳೆಯ ಮಾರ್ಕ್. ಕರೆನ್ಸಿ ಆಯುಕ್ತರಾಗಿ ನೇಮಕಗೊಂಡ ಹ್ಯಾಲ್ಮಾರ್ ಶಾಖ್ಟ್ ಮಾಡಿದ ಮೊದಲ ಕೆಲಸಗಳಲ್ಲೊಂದು, ರೈಖ್ಸ್‌ಬ್ಯಾಂಕ್ ಇನ್ನು ಮುಂದೆ ಊರುಗಳ ತುರ್ತು ನೋಟನ್ನು ಮುಟ್ಟುವುದಿಲ್ಲ ಎಂದು ಸಾರಿದ್ದು. ಕಲೋನ್‌ನಲ್ಲಿ ರೈನ್ ಪ್ರದೇಶದ ನಗರಾಡಳಿತಗಾರರು, ಉದ್ಯಮಿಗಳು ಅವರ ಮೇಲೆ ಹರಿಹಾಯ್ದರು. ಶಾಖ್ಟ್ ಜಗ್ಗಲಿಲ್ಲ. ಹೊರಡಿಸಿದವರೇ ವಾಪಸು ಕೊಂಡುಕೊಳ್ಳಬೇಕಾಯಿತು, ಮುದ್ರಣಯಂತ್ರಗಳು ನಿಂತವು.

ನನ್ನ ಬಳಿ ಲಕ್ಷ ಕೋಟಿಯ ನೋಟಿದೆ. ಬ್ಯಾಂಕಿನಲ್ಲಿ ಏನಾದರೂ ಸಿಗುತ್ತದೆಯೇ?

ಇಲ್ಲ.

ಹಾಗಾದರೆ ಸಂಗ್ರಾಹಕರು ಎಷ್ಟು ಕೊಡುತ್ತಾರೆ?

ಸಾಮಾನ್ಯ ಸರಣಿ ಚೀಟಿಗಳು ತೀರಾ ಅಗ್ಗ. ನೂರು ವರ್ಷದ ಹಳೆಯದು ಎಂಬ ಕಾರಣಕ್ಕೆ ಬೆಲೆ ಬರುವುದಿಲ್ಲ. ಕೂಡಿಡಲೆಂದೇ ಲಕ್ಷಗಟ್ಟಲೆ ಅಚ್ಚಾಗಿ, ಹಾಗೆಯೇ ಹೊಸತಾಗಿ ಉಳಿದುಕೊಂಡವು ಅವು. 1914ರ ಕೈಸಹಿಯ ಚೀಟಿ, ಬೀಲೆಫೆಲ್ಡ್‌ನ ರೇಷ್ಮೆ, ಬೇಯರ್ ನೋಟಿನ ಒಳ್ಳೆಯ ಪ್ರತಿ, ಸಣ್ಣ ಕಾರ್ಖಾನೆಯೊಂದು ಕೆಲವೇ ದಿನ ಓಡಿಸಿದ 1923ರ ಕಾಗದ, ಇವಕ್ಕೆ ಬೆಲೆ ಉಂಟು. ಕೊನೆಯ ಬಗೆ ಅತ್ಯಂತ ಕುರೂಪಿಯಾದ್ದರಿಂದ ಹೊಸಬರು ಅದನ್ನೇ ಕಡೆಗಣಿಸುತ್ತಾರೆ.

ಆಸ್ಟ್ರಿಯಾದ ವೋರ್ಗ್ಲ್ ಪ್ರಯೋಗ ಇದೇ ಅಲ್ಲವೇ?

ಅಲ್ಲ, ಕೂಡಿಸಿ ಹೇಳಬೇಡಿ. ವೋರ್ಗ್ಲ್‌ನ ಮೇಯರ್ ಮಿಖಾಯೆಲ್ ಉಂಟರ್‌ಗುಗ್ಗೆನ್‌ಬೆರ್ಗರ್ 1932ರಲ್ಲಿ ತಂದದ್ದು ಆರ್ಥಿಕ ಕುಸಿತದ ಕಾಲದ ನೋಟು, ಕೆಲಸವಿಲ್ಲದವರಿಗೆ ಕೆಲಸ ಕೊಡಲು. ತಿಂಗಳಿಗೆ ಶೇ. 1ರಷ್ಟು ಬೆಲೆಯ ಸ್ಟಾಂಪನ್ನು ಅಂಟಿಸದಿದ್ದರೆ ಅದು ಚಲಾವಣೆಗೆ ಸಲ್ಲದು. ಕೂಡಿಟ್ಟರೆ ದಂಡ ಎಂಬುದೇ ಅದರ ತತ್ವ. ಸರಣಿ ನೋಟುಗಳು ಬದುಕಿದ್ದೇ ಜನ ಕೂಡಿಟ್ಟಿದ್ದರಿಂದ. 1933ರಲ್ಲಿ ಆಸ್ಟ್ರಿಯಾದ ಕೇಂದ್ರ ಬ್ಯಾಂಕಿನ ಒತ್ತಾಯಕ್ಕೆ ವೋರ್ಗ್ಲ್ ನೋಟು ನಿಂತಿತು.

ಭಾರತದಲ್ಲಿ ಇಂಥದ್ದು ನಡೆದಿತ್ತೇ?

ಅದೇ ಯುದ್ಧದ ಬಿಸಿ ಇಲ್ಲಿಗೂ ತಟ್ಟಿತ್ತು. ಬೆಳ್ಳಿ ಸಾಲದೆ ಸರ್ಕಾರ 1917ರ ನವೆಂಬರ್ 30ರಂದು ಮೊದಲ ಒಂದು ರೂಪಾಯಿ ನೋಟನ್ನೂ 1918ರ ಜನವರಿಯಲ್ಲಿ ಎರಡೂವರೆ ರೂಪಾಯಿಯ ನೋಟನ್ನೂ ತಂದಿತು. ಆದರೆ ಅವು ಸರ್ಕಾರದವು, ಊರಿನವಲ್ಲ. ಜರ್ಮನ್ ಚೀಟಿಗೆ ಹತ್ತಿರದ ನೆಂಟರೆಂದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಚಿಲ್ಲರೆ ಸಿಗದೆ ಬಿಕಾನೇರ್, ಬೂಂದಿ, ಜುನಾಗಢ, ಮೋರ್ವಿ ಮುಂತಾದ ಸಂಸ್ಥಾನಗಳು ಹೊರಡಿಸಿದ ಕಾಸು, ಆಣೆಗಳ ರಟ್ಟಿನ ಕೂಪನ್‌ಗಳು. ಅವುಗಳ ಹಿಂದೆ ಸಂಗ್ರಾಹಕರ ವ್ಯಾಪಾರ ಇರಲಿಲ್ಲ, ಚಿತ್ರಕ್ಕೆ ಖರ್ಚು ಮಾಡುವ ಉಮೇದೂ ಇರಲಿಲ್ಲ.

ಕೊಂಡ ಮೇಲೆ ಹೇಗೆ ಇಟ್ಟುಕೊಳ್ಳಬೇಕು? ಕೊಳ್ಳುವಾಗ ಏನು ನೋಡಬೇಕು?

ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೊಟೇಪ್ ಹಚ್ಚಬೇಡಿ. ಪಿವಿಸಿ ಇಲ್ಲದ ಪಾರದರ್ಶಕ ಲಕೋಟೆ ಸಾಕು, ಜೊತೆಗೆ ಬಿಸಿಲು ಬೀಳದ ಕಪಾಟು. ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣ ಇಡಿ. ರೇಷ್ಮೆ ನೋಟನ್ನು ಮಡಿಸಲೇಬೇಡಿ, ಮಡಿಕೆಯಲ್ಲೇ ಎಳೆ ಬಿಡುತ್ತದೆ.

ಕೊಳ್ಳುವಾಗ ಭೂತಗನ್ನಡಿ ಹಿಡಿದು ಅಚ್ಚು ನೋಡಿ. ಇಂದಿನ ನಕಲು ಕಂಪ್ಯೂಟರ್ ಪ್ರಿಂಟರಿನಿಂದ ಬಂದದ್ದಾದರೆ ತಿಳಿ ಬಣ್ಣವೆಲ್ಲ ಬಹುವರ್ಣದ ಚುಕ್ಕಿಗಳಾಗಿ ಒಡೆದು ಕಾಣುತ್ತದೆ. ಅಸಲಿಯಲ್ಲಿ ಪ್ರತಿ ಬಣ್ಣದ ಶಾಯಿಯೂ ತನ್ನ ಜಾಗದಲ್ಲಿ ಕೂತಿರುತ್ತದೆ. ಸರಣಿ ಎಂದು ಮಾರಿದರೆ ಎಲ್ಲ ಚೀಟಿಗಳೂ ಇವೆಯೇ, ಒಂದೇ ಮುದ್ರಣದವೇ ಎಂದು ಕ್ಯಾಟಲಾಗ್‌ಗೆ ಹೋಲಿಸಿ ಎಣಿಸಿಕೊಳ್ಳಿ. ಬಿಡಿ ಚೀಟಿಗಿಂತ ಪೂರ್ತಿ ಸರಣಿಯನ್ನೇ ಕೊಳ್ಳುವುದು ಲೇಸು, ಏಕೆಂದರೆ ತಪ್ಪಿದ ಒಂದು ಚೀಟಿಯನ್ನು ಆಮೇಲೆ ಹುಡುಕಿ ತರಿಸುವ ಅಂಚೆ ಖರ್ಚು ಆ ಚೀಟಿಯ ಬೆಲೆಗಿಂತ ಹೆಚ್ಚಾಗುತ್ತದೆ.